ಬೀಟೆ ಮರದ ಹಿಡಿ

ಮೂರು ದಿನ ಸೈಕಲ್ ತುಳಿದವನಿಗೆ ಕಾಲು ಹೋಗಬೇಕು, ಇಲ್ಲವೇ ಸೊಂಟ ಹೋಗಬೇಕು. ನನಗೆ ಹೋದದ್ದು ಎಡಗೈಯ ಕೊನೆಯ ಎರಡು ಬೆರಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ಹಾಗೆ. ಆ ರೇಸಿನ ವಿಷಯ ಎತ್ತಿದವರೆಲ್ಲ ನಾನು ಎಷ್ಟನೆಯವನಾಗಿ ಬಂದೆ ಎಂದು ಕೇಳುತ್ತಾರೆ. ಬೆರಳಿನ ವಿಷಯ ಯಾರೂ ಕೇಳುವುದಿಲ್ಲ. ಕೇಳಿದ್ದರೂ ಹೇಳುತ್ತಿರಲಿಲ್ಲವೇನೋ. ಬೆರಳಿನ ವಿಷಯ ಹೇಳಹೊರಟರೆ ಅಪ್ಪನ ವಿಷಯ ಬರುತ್ತದೆ.

ನಮ್ಮದು ಮೈಸೂರಿನಲ್ಲಿ ಬೀಟೆ ಮರಕ್ಕೆ ದಂತ ಕೂರಿಸುವ ಮನೆ. ಮುತ್ತಜ್ಜನ ಕಾಲದಿಂದ ಕ್ರೈಸ್ತರು; ಭಾನುವಾರ ಪೂಜೆ, ಉಳಿದ ಆರು ದಿನ ಗರಗಸ. ದೊಡ್ಡ ಚರ್ಚಿನ ಹಿಂದಿನ ಬೀದಿಯಲ್ಲಿ ಮನೆ. ಚರ್ಚು ಆಗಿನ್ನೂ ಏಳುತ್ತಿತ್ತು. ಬೆಳಿಗ್ಗೆಯಿಂದ ಸಂಜೆಯವರೆಗೆ ಕಲ್ಲು ಕೆತ್ತುವ ಸದ್ದು. ಜಗಲಿಯ ಮೇಲೆ ಅಪ್ಪ ಒಂದು ಕಡೆ, ನಾನು ಅವರ ಎದುರಿಗೆ. ನನಗೆ ಆಗ ಇಪ್ಪತ್ತೆರಡು ವರ್ಷ.

ಕೆಲಸ ಇಷ್ಟು: ದಂತದ ತೆಳು ಬಿಲ್ಲೆಯ ಮೇಲೆ ಆನೆಯನ್ನೋ ಬಳ್ಳಿಯನ್ನೋ ಬರೆಯಬೇಕು, ತಂತಿಯಷ್ಟು ಸಣ್ಣ ಗರಗಸದಿಂದ ಅದನ್ನು ಕೊಯ್ದು ತೆಗೆಯಬೇಕು, ಅದೇ ಆಕಾರಕ್ಕೆ ಮರ ತೋಡಿ ಕೂರಿಸಬೇಕು. ನೋಡಲು ಬಂದವರು ಕೊಯ್ಯುವ ಬಲಗೈಯನ್ನು ಹೊಗಳುತ್ತಾರೆ. ಕೆಲಸ ಬಲ್ಲವರು ಎಡಗೈಯನ್ನು ನೋಡುತ್ತಾರೆ. ಬಿಲ್ಲೆಯನ್ನು ಹಲಗೆಗೆ ಒತ್ತಿ ಹಿಡಿಯುವುದು ಎಡಗೈಯ ಉಂಗುರ ಬೆರಳು, ಕಿರುಬೆರಳು. ಗರಗಸದ ಹಲ್ಲು ಎಲ್ಲಿ ಕಚ್ಚಿತು, ಎಲ್ಲಿ ತಡೆಯಿತು ಎಂಬುದು ಮೊದಲು ಗೊತ್ತಾಗುವುದು ಅವಕ್ಕೆ. ಹೆಚ್ಚು ಒತ್ತಿದರೆ ದಂತ ಸೀಳುತ್ತದೆ, ಕಡಿಮೆ ಒತ್ತಿದರೆ ಅದುರಿ ಮುರಿಯುತ್ತದೆ. ಎಷ್ಟು ಒತ್ತಬೇಕು ಎಂದು ಬಾಯಲ್ಲಿ ಹೇಳಿಕೊಡಲಾಗುವುದಿಲ್ಲ. ಅಪ್ಪ ನನಗೆ ಕಲಿಸುವಾಗ ತಮ್ಮ ಬೆರಳನ್ನು ನನ್ನ ಬೆರಳ ಮೇಲಿಟ್ಟು ಒತ್ತಿ ತೋರಿಸಿದ್ದರು.

ಅಪ್ಪನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಸ್ಪತ್ರೆಗೆ ಹೋಗಿ ಕೊಯ್ಯಿಸಿಕೊಳ್ಳಿ ಎಂದರೆ ಒಪ್ಪುತ್ತಿರಲಿಲ್ಲ. "ಕೊಯ್ಯೋ ಕೆಲ್ಸ ನಾನೂ ಬಲ್ಲೆ ಕಣಯ್ಯಾ. ಒಂದ್ಸಲಾನೂ ಕೈ ಜಾರದೆ ಇರೋ ಕೊಯ್ಯೋನು ಇನ್ನೂ ಹುಟ್ಟಿಲ್ಲ" ಎಂದು ಡಾಕ್ಟರಿಗೇ ಹೇಳಿ ಬಂದಿದ್ದರು. ಆಮೇಲೆ ಜಗಲಿಯ ಮೇಲೆ ಸುಮ್ಮನೆ ಕೂರುವುದು ಶುರುವಾಯಿತು. ಉಳಿ ಮುಟ್ಟುತ್ತಿರಲಿಲ್ಲ. ತಮ್ಮ ಸಾಮಾನಿನ ಪೆಟ್ಟಿಗೆಗೆ ಬೀಗ ಹಾಕಿ ಬೀಗದ ಕೈಯನ್ನು ಅಮ್ಮನಿಗೆ ಕೊಟ್ಟುಬಿಟ್ಟಿದ್ದರು. ಎಂಟು ತಿಂಗಳು ಹಾಗೇ ಕಳೆಯಿತು.

ಮುಗಿದ ತಟ್ಟೆ, ಡಬ್ಬಿಗಳನ್ನು ಗಿರಾಕಿಗಳಿಗೆ ತಲುಪಿಸಲು ನಾನು ಬಾಡಿಗೆ ಸೈಕಲ್ ತೆಗೆದುಕೊಂಡು ಹೋಗುತ್ತಿದ್ದೆ. ಸೈಕಲ್ ಅಂಗಡಿಯ ಸಾಹುಕಾರರು ಮಾತಿಗೆ ಮುಂಚೆ ನಗುವ ಮನುಷ್ಯ. ಒಂದು ದಿನ ನಂಜನಗೂಡಿಗೆ ಹೋಗಿ ಬಂದು ಸೈಕಲ್ ಒಪ್ಪಿಸಿದಾಗ ಗೋಡೆ ಗಡಿಯಾರ ನೋಡಿ ಹುಬ್ಬೇರಿಸಿದರು. "ನಂಜನಗೂಡಿಗೆ ಹೋಗಿ ಬಂದ್ಯೋ, ಇಲ್ಲಾ ಇಲ್ಲೇ ಅಗ್ರಹಾರದಲ್ಲಿ ಕಾಫಿ ಕುಡ್ಕೊಂಡು ಬಂದ್ಬುಟ್ಯೋ?" ಗಿರಾಕಿ ಕೊಟ್ಟ ಚೀಟಿಯನ್ನು ತೋರಿಸಿದೆ. ಅದೇ ವಾರ ನನ್ನನ್ನು ರೇಸಿಗೆ ಗೊತ್ತು ಮಾಡಿದರು.

ಆಗ ಸೈಕಲ್ ಮಾರುವ ಅಂಗಡಿಗಳವರು ಸೇರಿ ರೇಸು ನಡೆಸುತ್ತಿದ್ದರು. ಒಬ್ಬೊಬ್ಬರೂ ಕೂಲಿ ಕೊಟ್ಟು ತಮ್ಮ ತಮ್ಮ ಸವಾರರನ್ನು ಓಡಿಸುತ್ತಿದ್ದರು. ಗೆದ್ದವನ ಸೈಕಲ್ಲು ಯಾವುದೋ ಅದೇ ಖರ್ಚಾಗುತ್ತಿತ್ತು. ಆ ಸಲದ್ದು ಮೂರು ದಿನದ ರೇಸು. ಮೊದಲ ದಿನ ಗುಂಡ್ಲುಪೇಟೆಗೆ ಹೋಗಿ ಬರುವುದು, ಎರಡನೆಯ ದಿನ ಹುಣಸೂರಿಗೆ, ಮೂರನೆಯ ದಿನ ಮಂಡ್ಯಕ್ಕೆ. ಮೂರು ದಿನದ ಹೊತ್ತನ್ನು ಕೂಡಿಸಿ ಯಾರದು ಕಡಿಮೆಯೋ ಅವನು ಗೆದ್ದಂತೆ. ಗೆದ್ದವನಿಗೆ ಒಂದು ಬೆಳ್ಳಿ ಬಟ್ಟಲು.

ಮನೆಯಲ್ಲಿ ಬೈಗುಳ ಬೀಳುತ್ತದೆ ಎಂದುಕೊಂಡಿದ್ದೆ. ಅಪ್ಪ ಬೈಯಲಿಲ್ಲ. "ಕೈಯಿಡೋ ಜಾಗದಲ್ಲಿ ಏನಿರುತ್ತೆ?" ಎಂದು ಕೇಳಿದರು.

"ರಬ್ಬರಿನ ಹಿಡಿ ಅಪ್ಪಾ."

"ರಬ್ಬರು!" ಎಂದರು, ಹಳಸಿದ್ದು ಬಡಿಸಿಕೊಂಡವರಂತೆ ಮುಖ ಮಾಡಿ. "ಬೀಟೆ ಕೆಲಸದವನ ಮಗ ರಬ್ಬರು ಹಿಡ್ಕೊಂಡು ಊರೆಲ್ಲಾ ಸುತ್ತೋದಾ?"

ಅಂದೇ ಅಮ್ಮನನ್ನು ಕರೆದು ಬೀಗದ ಕೈ ತರಿಸಿದರು. ಎಂಟು ತಿಂಗಳ ಮೇಲೆ ಪೆಟ್ಟಿಗೆ ತೆಗೆದರು. ಎರಡು ತುಂಡು ಬೀಟೆಯನ್ನು ಉರುಟು ಮಾಡಿ, ಒಳಗೆ ಕೊರೆದು, ಹ್ಯಾಂಡಲ್ಲಿಗೆ ಬಿಗಿಯಾಗಿ ಕೂರುವಂತೆ ಮಾಡಿದರು. ಕಣ್ಣು ಚೆನ್ನಾಗಿದ್ದಾಗ ಕೊಯ್ದಿಟ್ಟಿದ್ದ ದಂತದ ಮಲ್ಲಿಗೆ ಎಲೆಗಳು ಒಂದು ಡಬ್ಬಿಯಲ್ಲಿದ್ದವು. ಅವನ್ನು ಒಂದೊಂದಾಗಿ ಹೆಬ್ಬೆರಳಿಂದ ಸವರಿ ನೋಡಿ, ಮರ ತೋಡಿ, ಎರಡು ಹಿಡಿಗೂ ಬಳ್ಳಿ ಹಬ್ಬಿಸಿದರು. ಪೂರಾ ಕೈಯಳತೆಯಲ್ಲೇ ಮಾಡಿದ ಕೆಲಸ. ಉಗುರು ಎಳೆದು ನೋಡಿದರೂ ದಂತ ಎಲ್ಲಿ ಮುಗಿದು ಮರ ಎಲ್ಲಿ ಶುರುವಾಯಿತು ಎಂದು ಗೊತ್ತಾಗುತ್ತಿರಲಿಲ್ಲ. ಅರಗಿನ ಮೆರುಗು ಕೊಟ್ಟು ಉಜ್ಜಿದ ಮೇಲೆ ಕಲ್ಲಿನ ಹಾಗೆ ತಣ್ಣಗೆ, ನುಣ್ಣಗೆ, ಗಟ್ಟಿಯಾಗಿತ್ತು.

ಬಾಡಿಗೆ ಅಂಗಡಿಯ ಸೈಕಲ್ಲಿಗೆ ಅಂಥ ಹಿಡಿ. "ಮೂಗಿಗಿಂತ ಮೂಗುತಿ ಭಾರ" ಎಂದು ಅಮ್ಮ ನಕ್ಕಳು. ಆಮೇಲೆ ಅಡುಗೆಮನೆಗೆ ಹೋಗಿ ಅತ್ತಳು. ನನಗೆ ಖುಷಿಯಾಗಿತ್ತು. ಅಪ್ಪ ಮತ್ತೆ ಜಗಲಿಯ ಮೇಲೆ ಉಳಿ ಹಿಡಿದು ಕೂತದ್ದನ್ನು ನೋಡಿ ನನಗೆ ಆದ ಖುಷಿ ಅದೇ ಕೊನೆಯದೇನೋ ಅನ್ನುವಷ್ಟು ನೆನಪಿದೆ.

ಆ ಹಿಡಿಯಿಂದ ಧೈರ್ಯ ಬಂದೇ ಅಪ್ಪ ಇನ್ನೊಂದು ಕೆಲಸ ಒಪ್ಪಿಕೊಂಡರು. ನಮ್ಮ ಚರ್ಚಿನ ಸ್ವಾಮಿಗಳು ಹಳ್ಳಿಯ ಒಂದು ಸಣ್ಣ ಗುಡಿಗೆ, ಪೀಠದ ಮೇಲೆ ಪೂಜೆಯ ರೊಟ್ಟಿಯನ್ನು, ಅಂದರೆ ಪರಮಪ್ರಸಾದವನ್ನು, ಇಡುವ ಪುಟ್ಟ ಪೆಟ್ಟಿಗೆಗೆ ಬಾಗಿಲು ಬೇಕೆಂದು ಕೇಳಿದ್ದರು. ಬೀಟೆಯ ಬಾಗಿಲು, ನಡುವೆ ದಂತದ ಕುರಿಮರಿ. ಕ್ರಿಸ್‌ಮಸ್ಸಿಗೆ ಆಗಬೇಕು. ಮೊದಲಾಗಿದ್ದರೆ ಅಪ್ಪ ಒಲ್ಲೆ ಅನ್ನುತ್ತಿದ್ದರು. ಈಗ ನನ್ನ ಕಡೆ ತಿರುಗಿ, "ಕುರಿಮರಿ ಕೊಯ್ಯೋದು ನಿಂದು. ತೋಡಿ ಕೂರಿಸೋದು ನಂಗೆ ಬುಡು" ಎಂದರು. ಮಾತು ಕೊಟ್ಟಾಯಿತು.

ದೀಪಾವಳಿ ಕಳೆದ ಮೇಲೆ ರೇಸು. ಬೆಳಗಿನ ಮಂಜಿನಲ್ಲಿ ಮೈದಾನದಲ್ಲಿ ಹದಿನಾರು ಜನ ಸಾಲಾಗಿ ನಿಂತೆವು. ಹೆಚ್ಚಿನವರು ನನ್ನಂಥ ಹೊಸಬರು. ಬೆಂಗಳೂರು ದಂಡಿನಿಂದ, ಅಂದರೆ ಕಂಟೋನ್ಮೆಂಟಿನಿಂದ, ಬಂದ ಒಬ್ಬ ಮಾತ್ರ ರೇಸೇ ಕಸುಬಾದವನು. ಮದರಾಸಿನ ಕಡೆಯೆಲ್ಲ ಕೂಲಿಗೆ ಓಡಿದ್ದವನು, ತಲೆ ನರೆಯಲು ಶುರುವಾಗಿತ್ತು. ಅವನ ಸೈಕಲ್ಲಿನ ಹ್ಯಾಂಡಲ್ಲಿಗೆ ಹಳೇ ಪಂಚೆಯನ್ನು ದಪ್ಪಗೆ ಸುತ್ತಿದ್ದ, ಸುಟ್ಟ ಕೈಗೆ ಕಟ್ಟಿದ ಪಟ್ಟಿಯ ಹಾಗೆ. ನನ್ನ ಹಿಡಿಯ ಸುತ್ತ ಜನ ಸೇರಿದ್ದರು. ಸಾಹುಕಾರರು ಕೈ ಮಾಡಿ ಕರೆದು ಕರೆದು ತೋರಿಸುತ್ತಿದ್ದರು. ಹ್ಯಾಂಡಲ್ಲಿಗೆ ಪಂಚೆ ಸುತ್ತಿದವನೂ ಬಂದು ನೋಡಿ, ಬೆರಳಿಂದ ಒಮ್ಮೆ ತಟ್ಟಿ ಹೋದ.

ಕಡಕೊಳದವರೆಗೆ ಗುಂಪಾಗಿ ಹೋದೆವು. ನಂಜನಗೂಡಿನ ಸೇತುವೆ ದಾಟಿದ ಮೇಲೆ ಗುಂಪು ಚದುರಿತು. ರಸ್ತೆ ಎಂದರೆ ಜಲ್ಲಿ ಹಾಕಿ ಮಣ್ಣು ಮುಚ್ಚಿದ್ದು. ಮಳೆಗೆ ಮಣ್ಣು ಹೋಗಿ ಜಲ್ಲಿ ಉಳಿದಿತ್ತು. ಗಾಡಿ ಚಕ್ರದ ಗೆರೆಗೆ ಸಿಕ್ಕರೆ ಬೀಳುತ್ತೇವೆಂದು ಹಿಡಿಯನ್ನು ಬಿಗಿಯಾಗಿ ಹಿಡಿಯಬೇಕು. ಬಲಗೈಯನ್ನು ಆಗಾಗ ತೆಗೆದು ಬೆವರು ಒರೆಸಿಕೊಳ್ಳುತ್ತಿದ್ದೆ. ಎಡಗೈ ಹಿಡಿದದ್ದು ಹಿಡಿದೇ ಇತ್ತು. ಚಕ್ರದ ಒಂದೊಂದು ಅದುರಾಟವೂ ಆ ಮರದೊಳಗಿಂದ ನೇರ ಅಂಗೈಗೆ ಬರುತ್ತಿತ್ತು. ಮೊದಲು ಉರಿಯಿತು, ಆಮೇಲೆ ಜೋಮು ಹಿಡಿಯಿತು, ಆಮೇಲೆ ಅದೂ ನಿಂತಿತು. ನಿಂತಿತಲ್ಲ, ಒಳ್ಳೆಯದಾಯಿತು ಎಂದುಕೊಂಡೆ.

ಗುಂಡ್ಲುಪೇಟೆಯಲ್ಲಿ ಹುಣಸೆ ಮರದ ಕೆಳಗೆ ಶಾನುಭೋಗರು ಮೇಜು ಹಾಕಿಕೊಂಡು ಕೂತಿದ್ದರು. ಅಲ್ಲಿಯವರೆಗೆ ಬಂದದ್ದಕ್ಕೆ ಗುರುತಾಗಿ ಸವಾರರ ಎಡ ಅಂಗೈಯ ಅಂಚಿಗೆ ಮಸಿಯ ಮುದ್ರೆ ಒತ್ತುವುದು ಅವರ ಕೆಲಸ. ನಾನು ಕೈ ಚಾಚಿ ಮುಖ ತಿರುಗಿಸಿ ನೀರು ಕುಡಿಯುತ್ತಿದ್ದೆ. ಕುಡಿದಾದ ಮೇಲೂ ಕೈ ಚಾಚಿಯೇ ಇದ್ದೆ.

"ಬೇಗ ಒತ್ತಿ ಸ್ವಾಮಿ, ಹೊತ್ತಾಗ್ತದೆ" ಎಂದೆ.

"ಒತ್ತಿ ಆಗ್ಲೇ ಎಷ್ಟೊತ್ತಾಯ್ತಪ್ಪ! ನೋಡ್ಕೋ ಕೈಯ."

ನೋಡಿದೆ. ಕಿರುಬೆರಳಿನ ಬುಡದಲ್ಲಿ ನೇರಳೆ ಮುದ್ರೆ ಅಚ್ಚುಕಟ್ಟಾಗಿ ಬಿದ್ದಿತ್ತು. ಸೈಕಲ್ ತಿರುಗಿಸಿದೆ.

ಅಂದು ಎರಡನೆಯವನಾಗಿ ಬಂದೆ. ಮೈದಾನದ ಗೆರೆಯ ಹತ್ತಿರ ಅಪ್ಪ ಅಮ್ಮನ ಭುಜ ಹಿಡಿದು ನಿಂತಿದ್ದರು. ನಾನು ಇಳಿದ ಕೂಡಲೇ ಅವರ ಕೈ ನನ್ನ ಮುಖಕ್ಕೆ ಬರಲಿಲ್ಲ, ಹಿಡಿಗೆ ಹೋಯಿತು. ಒಂದೊಂದು ಎಲೆಯನ್ನೂ ಸವರಿ ನೋಡಿದರು.

"ಎಲೆ ಒಂದೂ ಎದ್ದಿಲ್ಲ" ಎಂದರು. "ಬೆವರಿಗೆ ಜಾರಲಿಲ್ಲ ತಾನೆ?"

"ಇಲ್ಲ ಅಪ್ಪಾ."

"ಕೈಗೆ ಹಿತವಾಗಿತ್ತಾ?"

"ಹಿತವಾಗಿತ್ತು."

ಪಕ್ಕದಲ್ಲಿ ಗೆದ್ದವನು, ಆ ದಂಡಿನವನು, ಇದನ್ನೆಲ್ಲ ಕೇಳುತ್ತಾ ನಿಂತಿದ್ದ. ಅಪ್ಪ ಅಮ್ಮ ಆಚೆ ಹೋದ ಮೇಲೆ ನನ್ನ ಹತ್ತಿರ ಬಂದ. "ನೋಡಪ್ಪಾ, ಚೆಂದಕ್ಕೆ ಬೇರೆ ಜಾಗ ಇದೆ. ನಾಳೆ ಬಟ್ಟೆ ಸುತ್ತಿಕೋ. ನನ್ನ ಜೊತೆಯವನೊಬ್ಬ ಹಿಂಗೇ ಬರೀ ಕಬ್ಬಿಣ ಹಿಡಿದು ಕೈ ಕಳ್ಕೊಂಡ" ಎಂದ. ಒಳ್ಳೆಯ ಮಾತು ಹೇಳಿದವನ ಮೇಲೆ ನನಗೆ ಸಿಟ್ಟು ಬಂತು. ಅವನು ಅಪ್ಪನ ಕೆಲಸವನ್ನು ಬರೀ ಕಬ್ಬಿಣಕ್ಕೆ ಹೋಲಿಸಿದನಲ್ಲ ಎಂದು.

ಮನೆಯಲ್ಲಿ ಅಮ್ಮ ಹಿತ್ತಾಳೆ ಲೋಟದಲ್ಲಿ ಕಾಫಿ ಕೊಟ್ಟಳು. ಎಡಗೈಯಲ್ಲಿ ಸುತ್ತ ಹಿಡಿದುಕೊಂಡು ಕೂತೆ. ಅವಳು ಸೆರಗಿನಿಂದ ಹಿಡಿದು ತಂದ ಲೋಟ ಅದು. "ಸುಡಲ್ವೇನೋ?" ಎಂದಳು. ಆಗ ಕೆಳಗಿಟ್ಟೆ. ಕಿರುಬೆರಳು ಕೆಂಪಗಾಗಿತ್ತು. ಆದರೂ ಬೆಳಗಾದರೆ ಸರಿಹೋಗುತ್ತದೆ ಎಂದು ಮಲಗಿದೆ.

ಎರಡನೆಯ ದಿನ ನಾನೊಂದು ಉಪಾಯ ಮಾಡಿದೆ. ಊರೊಳಗೆ ಎಲ್ಲರ ಕಣ್ಣೆದುರು ಹಿಡಿಗೆ ಬಟ್ಟೆ ಸುತ್ತುವಂತಿಲ್ಲ. ಅಪ್ಪನಿಗೆ ಯಾರಾದರೂ ಹೇಳಿಬಿಡುತ್ತಾರೆ. ಹಿನಕಲ್ ದಾಟುವವರೆಗೆ ಸುಮ್ಮನೆ ಹೋಗಿ, ಅಲ್ಲಿ ಹೊಲದ ಬದುವಿನ ಹತ್ತಿರ ಇಳಿದು, ಟವೆಲ್ ಹರಿದು ಎರಡು ಹಿಡಿಗೂ ಸುತ್ತಿದೆ. ಹುಣಸೂರಿಗೆ ಹೋಗುತ್ತಾ ಬೆರಳಿಗೆ ನೋವು ಬಂತು. ನೋವು ಬಂದದ್ದಕ್ಕೆ ದೇವರಿಗೆ ಸ್ತೋತ್ರ ಹೇಳಿದೆ. ಮುಂದಿದ್ದ ಇಬ್ಬರನ್ನು ಬಿಟ್ಟರೆ ಯಾರೂ ನನ್ನ ಹತ್ತಿರ ಇರಲಿಲ್ಲ.

ವಾಪಸು ಬರುವಾಗ ಹಿನಕಲ್ಲಿನಲ್ಲಿ ಇಳಿದು ಬಟ್ಟೆ ಬಿಚ್ಚಬೇಕಾಯಿತು. ಬಲಗಡೆಯದು ಬಿಚ್ಚಿದೆ. ಎಡಗಡೆಯ ಗಂಟು ಬೆವರಿಗೆ ಬಿಗಿದಿತ್ತು, ಎಡಗೈಯ ಬೆರಳುಗಳಿಗೆ ಗಂಟು ಹಿಡಿಯಲು ಆಗಲಿಲ್ಲ. ರಸ್ತೆ ಪಕ್ಕ ಕೂತು ಹಲ್ಲಿನಲ್ಲಿ ಕಚ್ಚಿ ಎಳೆಯತೊಡಗಿದೆ. ಹುಲ್ಲಿನ ಹೊರೆ ಹೊತ್ತು ಬಂದ ಒಬ್ಬಾಕೆ ನಿಂತು ನೋಡಿದಳು.

"ಇದೇನಪ್ಪಾ, ಅವ್ರೆಲ್ಲಾ ಓಡ್ತಾವ್ರೆ, ನೀನು ಕೂತ್ಕಂಡು ಗಂಟು ಬಿಚ್ತಾ ಇದ್ದೀಯೆ?"

ಅವಳು ಹೇಳುತ್ತಿದ್ದಂತೆ ಒಬ್ಬೊಬ್ಬರಾಗಿ ಐದು ಜನ ನನ್ನನ್ನು ದಾಟಿ ಹೋದರು. ಅವಳೇ ಹೊರೆ ಇಳಿಸಿ, ಸೊಂಟದ ಕುಡುಗೋಲು ತೆಗೆದು ಗಂಟು ಕೊಯ್ದು ಕೊಟ್ಟಳು. "ಬುಡು, ಓಗು ಬಿರ್ರನೆ" ಎಂದಳು. ಹೋದೆ. ಎಂಟನೆಯವನಾದೆ. ಸಾಹುಕಾರರು ನಗಲಿಲ್ಲ, ಅದೇ ಮೊದಲ ಸಲ. ಅಪ್ಪ ಹಿಡಿ ಸವರಿ, "ಪರವಾಗಿಲ್ಲ, ಹಿಡಿ ಗಟ್ಟಿಯಾಗಿದೆ" ಎಂದರು.

ಮೂರನೆಯ ದಿನ ಬಟ್ಟೆ ಒಯ್ಯಲಿಲ್ಲ. ಅಪ್ಪನ ಮೇಲಿನ ಪ್ರೀತಿಯಿಂದ ಎಂದು ಹೇಳಿಕೊಳ್ಳಬಹುದು. ಅರ್ಧ ಅದು, ಉಳಿದರ್ಧ ಜಂಬ. ಹಿಡಿಯ ಸುತ್ತ ಸೇರುತ್ತಿದ್ದ ಜನ ನನಗೂ ಬೇಕಾಗಿದ್ದರು. ಬಟ್ಟೆ ಸುತ್ತಿಯೇ ಬಂದು, ಅಪ್ಪಾ ಕೈ ನೋಯುತ್ತದೆ ಎಂದಿದ್ದರೆ ಅವರೇನು ನನ್ನನ್ನು ಕೊಲ್ಲುತ್ತಿದ್ದರೇ? ಆ ಮಾತು ಆಡಲು ನನಗೆ ಬಾಯಿ ಬರಲಿಲ್ಲ. ಎಂಟು ತಿಂಗಳ ಮೇಲೆ ತೆಗೆದ ಪೆಟ್ಟಿಗೆಗೆ ಮತ್ತೆ ಬೀಗ ಬೀಳುತ್ತದೆ ಎಂದು ಹೆದರಿದೆ.

ಮಂಡ್ಯದ ರಸ್ತೆಯ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಶ್ರೀರಂಗಪಟ್ಟಣದಲ್ಲಿ ಹೊಳೆ ದಾಟಿದೆ, ಕಬ್ಬಿನ ಗಾಡಿಗಳ ಸಾಲು ದಾಟಿದೆ, ಮುದ್ರೆ ಒತ್ತಿಸಿಕೊಂಡೆ, ತಿರುಗಿದೆ. ಎಡಗೈ ಇನ್ನೂ ಹಿಡಿಯ ಮೇಲೆ ಇದೆಯೇ ಎಂದು ಆಗಾಗ ಬಗ್ಗಿ ನೋಡಿಕೊಳ್ಳುತ್ತಿದ್ದೆ. ಇರುತ್ತಿತ್ತು. ಮೈದಾನದಲ್ಲಿ ಗೆರೆ ದಾಟಿದಾಗ ಜನ ಕೂಗಿದರು. ಮೂರು ದಿನದ ಲೆಕ್ಕ ಕೂಡಿಸಿದಾಗ ನಾನು ನಾಲ್ಕನೆಯವನು. ಆರಕ್ಕೇರಲಿಲ್ಲ, ಮೂರಕ್ಕಿಳಿಯಲಿಲ್ಲ. ಬಟ್ಟಲು ದಂಡಿನವನಿಗೆ ಹೋಯಿತು. ನನಗೆ ಬೇಸರವಾಗಲಿಲ್ಲ. ಸಂತೋಷವೂ ಆಗಲಿಲ್ಲ. ಕೈಯಿಂದ ಶುರುವಾದದ್ದು ಅಷ್ಟು ಹೊತ್ತಿಗೆ ಮೈಯೆಲ್ಲ ಹಬ್ಬಿದಂತಿತ್ತು.

ಅಂದು ಅಪ್ಪ ಮೈದಾನಕ್ಕೆ ಬಂದಿರಲಿಲ್ಲ. ಪ್ರಸಾದದ ಪೆಟ್ಟಿಗೆಯ ಅಳತೆ ತರಲು ಸ್ವಾಮಿಗಳ ಜೊತೆ ಹಳ್ಳಿಗೆ ಹೋಗಿದ್ದರು. ಸಾಹುಕಾರರು ಸೈಕಲ್ಲಿಗೆ ಮತ್ತೆ ರಬ್ಬರು ಹಾಕಿ, ಬೀಟೆಯ ಹಿಡಿಗಳನ್ನು ನನ್ನ ಕೈಗೆ ಕೊಟ್ಟರು. ಅಮ್ಮ ಅವನ್ನು ಹಳೇ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ, ದೇವಮಾತೆಯ ಪಟದ ಕೆಳಗಿನ ಗೂಡಿನಲ್ಲಿಟ್ಟಳು. ಅಪ್ಪ ಬಂದವರೇ ಬಾಗಿಲಿನ ಕೆಲಸಕ್ಕೆ ಕೂತರು. ಗಂಟು ಬಿಚ್ಚಲಿಲ್ಲ.

ಬಲಗೈ ಒಂದು ವಾರದಲ್ಲಿ ಸರಿಯಾಯಿತು. ಎಡಗೈಯ ಆ ಎರಡು ಬೆರಳು ಆಗಲಿಲ್ಲ. ಬಿಸಿನೀರಲ್ಲಿ ಇಟ್ಟೆ, ಎಣ್ಣೆ ತಿಕ್ಕಿದೆ. ಡಿಸ್ಪೆನ್ಸರಿಗೆ ಹೋಗಿ ತೋರಿಸಿದೆ. "ನರ ನಲುಗಿದೆ. ಬಂದ್ರೆ ಬರುತ್ತೆ, ಇಲ್ಲಾಂದ್ರೆ ಇಲ್ಲ" ಎಂದರು ಅಲ್ಲಿಯ ಡಾಕ್ಟರು. ಯಾವಾಗ ಬರುತ್ತದೆ ಎಂದು ಕೇಳಿದ್ದಕ್ಕೆ ಭುಜ ಕುಣಿಸಿದರು. ಇತ್ತ ಅಪ್ಪ ಬಾಗಿಲಿನ ಹಲಗೆ ಸಿದ್ಧ ಮಾಡಿ, ನಡುವೆ ಜಾಗ ಬಿಟ್ಟು ಕಾಯುತ್ತಿದ್ದರು. ಕುರಿಮರಿ ಕೊಯ್ದು ಕೊಟ್ಟರೆ ಅದರ ಆಕಾರಕ್ಕೆ ಮರ ತೋಡಬೇಕು. ನಾನು ಇವತ್ತು ಗರಗಸದ ಅಲಗು ಮೊಂಡು ಎಂದೆ, ನಾಳೆ ದಂತ ಸರಿಯಿಲ್ಲ ಎಂದೆ. ಅಪ್ಪ ಪ್ರತಿ ಸಲವೂ "ಆಗ್ಲಿ" ಎನ್ನುತ್ತಿದ್ದರು.

ಒಂದಲ್ಲ ಒಂದು ದಿನ ಗೊತ್ತಾಗುತ್ತದೆ, ಗೊತ್ತಾದಾಗ ಯಾಕೆ ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಮೊದಲೇ ಹೊಂದಿಸಿಕೊಂಡೆ. ಮೂರನೆಯ ದಿನ, ಅಪ್ಪ ಇಲ್ಲದ ದಿನ, ಮಂಡ್ಯದ ದಾರಿಯಲ್ಲಿ ಎಡಗಡೆಗೆ ಬಿದ್ದೆ ಎಂದು. ಸುಳ್ಳಿಗೆ ಸಾಕ್ಷಿ ಬೇಕಲ್ಲ. ಸೈಕಲ್ಲು ಎಡಗಡೆಗೆ ಬಿದ್ದರೆ ಮೊದಲು ನೆಲಕ್ಕೆ ತಾಗುವುದು ಎಡಗಡೆಯ ಹಿಡಿಯ ತುದಿ. ಅದು ಜಲ್ಲಿಗೆ ಉಜ್ಜಿ ಗೀರಾಗಿರಬೇಕು. ಒಂದು ಮಧ್ಯಾಹ್ನ ಅಪ್ಪ ಮಲಗಿದ್ದಾಗ ಗಂಟು ಬಿಚ್ಚಿ, ಎಡಗಡೆಯ ಹಿಡಿಯನ್ನು ತೆಗೆದುಕೊಂಡು, ಹಿತ್ತಿಲಿನ ಒಗೆಯುವ ಕಲ್ಲಿನ ಹತ್ತಿರ ಹೋದೆ. ಎರಡು ಸಲ ಉಜ್ಜಿದರೆ ಸಾಕು.

ಕಲ್ಲಿಗೆ ಒತ್ತಿ ಹಿಡಿದೆ. ಕೈ ಮುಂದಕ್ಕೆ ಹೋಗಲಿಲ್ಲ. ಹನ್ನೊಂದನೇ ವಯಸ್ಸಿನಿಂದ ಆ ಜಗಲಿಯ ಮೇಲೆ ಕಲಿತದ್ದರಲ್ಲಿ ಮೊದಲನೆಯ ಪಾಠ ಇದು: ಮುಗಿದ ಕೆಲಸದ ಮೇಲೆ ಗೀರು ಬೀಳಬಾರದು. ನಾವು ಮುಗಿದ ತಟ್ಟೆಯನ್ನು ನೆಲದ ಮೇಲೆ ಇಡುವುದಿಲ್ಲ, ಮಡಿಲಲ್ಲಿ ಇಟ್ಟುಕೊಳ್ಳುತ್ತೇವೆ. ಉಂಗುರ ತೆಗೆದಿಟ್ಟು ಮುಟ್ಟುತ್ತೇವೆ. ಬಿಸಿಲಿಗೆ ಆ ಬಳ್ಳಿ ಹೊಳೆಯುತ್ತಿತ್ತು. ಕಣ್ಣಿಲ್ಲದೆ ಕೂರಿಸಿದ ಎಲೆಗಳು, ಒಂದೂ ವಾಲಿರಲಿಲ್ಲ. ಇನ್ನೊಬ್ಬನಾಗಿದ್ದರೆ ಉಜ್ಜಿ, ಸುಳ್ಳನ್ನು ಗಟ್ಟಿ ಮಾಡಿಕೊಂಡು ಒಳಗೆ ಬರುತ್ತಿದ್ದ. ನಾನು ಹಿಡಿಯನ್ನು ಅಂಗಿಯ ತುದಿಯಿಂದ ಒರೆಸಿ, ಮೊದಲಿನಂತೆ ಗಂಟು ಕಟ್ಟಿ ಗೂಡಿನಲ್ಲಿಟ್ಟೆ. ಬಿದ್ದೆ ಎಂದರೆ ನಂಬುತ್ತಾರೆ, ಹಿಡಿ ನೋಡಲು ಯಾಕೆ ಹೋಗುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ.

ಕ್ರಿಸ್‌ಮಸ್ಸಿಗೆ ಹತ್ತು ಹನ್ನೆರಡು ದಿನ ಇದ್ದಾಗ ಇನ್ನು ತಪ್ಪಿಸಿಕೊಳ್ಳಲಾಗಲಿಲ್ಲ. ಬಿಲ್ಲೆಯ ಮೇಲೆ ಕುರಿಮರಿ ಬರೆದು ಕೊಯ್ಯಲು ಕೂತೆ. ಮೊದಲನೆಯದರ ಕಿವಿ ಮುರಿಯಿತು. ಎರಡನೆಯದು ಬೆನ್ನಿನ ಮೇಲೆ ಸೀಳಿತು. ಮೂರನೆಯದಕ್ಕೆ ಗರಗಸ ಇಟ್ಟು ನಾಲ್ಕು ಸಲ ಎಳೆದಿರಬೇಕು.

"ನಿಲ್ಲಿಸು" ಎಂದರು ಅಪ್ಪ. "ಗರಗಸ ಯಾಕೆ ಹಿಂಗೆ ಅರಚ್ತಾ ಇದೆ? ಬಿಲ್ಲೆ ಹಿಡಿದೋನು ಯಾರೋ ಹೊಸಬ ಇದ್ದಂಗಿದೆ."

"ಅಲಗು ಮೊಂಡು ಅಪ್ಪಾ."

"ಕೈ ಕೊಡು ಇಲ್ಲಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗೆ ನಾನು ಮೊದಲು ಬಲಗೈ ಕೊಟ್ಟೆ. ಅವರು ಅದನ್ನು ಬಿಟ್ಟು ಎಡಗೈಯನ್ನು ಎಳೆದುಕೊಂಡರು. ತೊಡೆಯ ಮೇಲಿಟ್ಟು ಒಂದೊಂದೇ ಬೆರಳು ಹಿಡಿದು ನೋಡುತ್ತಿದ್ದರು. ನಾನು ಅವರ ಮುಖ ನೋಡಲಾರದೆ ಬೀದಿಯ ಕಡೆ ನೋಡುತ್ತಿದ್ದೆ. ಕಲ್ಲು ತುಂಬಿದ ಗಾಡಿಯೊಂದು ಚರ್ಚಿನ ಕಡೆ ಹೋಗುತ್ತಿತ್ತು. ಅದು ತಿರುವಿನಲ್ಲಿ ಮರೆಯಾಗುವವರೆಗೆ ನೋಡಿದೆ. ಬಾಗಿಲಲ್ಲಿ ನಿಂತಿದ್ದ ಅಮ್ಮ "ಅಯ್ಯೋ" ಎಂದಳು.

ತಿರುಗಿ ನೋಡಿದೆ. ದಂತದ ಮೇಲೆ ಗೆರೆ ಗೀಚುವ ಸೂಜಿ ಅಪ್ಪನ ಕೈಯಲ್ಲಿತ್ತು. ನನ್ನ ಕಿರುಬೆರಳಿನಲ್ಲಿ ಮೂರು ಕಡೆ ರಕ್ತ ಜಿನುಗುತ್ತಿತ್ತು. ಚುಚ್ಚಿದ್ದು ನನಗೆ ಗೊತ್ತಾಗಿರಲಿಲ್ಲ. ರಕ್ತ ಅಪ್ಪನಿಗೆ ಕಾಣಿಸಲಿಲ್ಲ, ಒದ್ದೆ ಹೆಬ್ಬೆರಳಿಗೆ ಸಿಕ್ಕಿತು.

"ಯಾವಾಗಿಂದ?"

"ರೇಸಿನಿಂದ."

"ಏನಾಯ್ತು?"

"ಬಿದ್ದೆ ಅಪ್ಪಾ. ಕೊನೇ ದಿನ, ಮಂಡ್ಯದ ದಾರೀಲಿ. ನಿಮಗೆ ಹೇಳಿದ್ರೆ ನೊಂದ್ಕೋತೀರಿ ಅಂತ ಹೇಳಲಿಲ್ಲ."

"ಯಾವ ಕಡೆಗೆ ಬಿದ್ದೆ?"

"ಎಡಗಡೆಗೆ."

ಅಪ್ಪ ಅಮ್ಮನ ಕಡೆ ಮುಖ ತಿರುಗಿಸಿ, "ಗೂಡಲ್ಲಿರೋ ಗಂಟು ತಗೊಂಬಾ" ಎಂದರು.

ಗಂಟನ್ನು ಮಡಿಲಲ್ಲಿಟ್ಟುಕೊಂಡು ಬಿಚ್ಚಿದರು. ಬಳ್ಳಿ ಹಬ್ಬಿದ ದಿಕ್ಕನ್ನು ಸವರಿ ಎಡಗಡೆಯದು ಯಾವುದು ಎಂದು ಗುರುತಿಸಿದರು. ಬುಡದಿಂದ ತುದಿಯವರೆಗೆ ಹೆಬ್ಬೆರಳು ಎಳೆದರು. ತುದಿಯ ಸುತ್ತ ಒಂದು ಸುತ್ತು ಬಂದರು. ಆಮೇಲೆ ಉಗುರಿನಿಂದ ಇನ್ನೊಂದು ಸಲ.

"ಇದು ಬಿದ್ದ ಗಾಡಿ ಹಿಡಿ ಅಲ್ಲ ಕಣೋ" ಎಂದರು.

ಅಪ್ಪ ಆ ಹಿಡಿಯನ್ನು ತಮ್ಮ ಎಡಗೈಯಲ್ಲಿ, ಸವಾರ ಹಿಡಿಯುವಂತೆ, ಮುಷ್ಟಿ ಕಟ್ಟಿ ಹಿಡಿದರು. ಬಿಗಿ ಮಾಡಿದರು. ಹಾಗೇ ಎಷ್ಟೋ ಹೊತ್ತು ಕೂತಿದ್ದರು. ಗೆಣ್ಣುಗಳು ಬಿಳಿಚಿಕೊಂಡವು. "ಕಲ್ಲಿದ್ದಂಗೆ ಇದೆ" ಎಂದರು. "ಇದನ್ನ ಮೂರು ದಿನ ಹಿಡ್ಕೊಂಡಿದ್ಯಾ? ಹಿತವಾಗಿದೆ ಅಂದ್ಯಲ್ಲೋ." ಪೊರೆ ಬಂದ ಆ ಕಣ್ಣುಗಳಿಂದ ನೀರು ಇಳಿಯಿತು. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನನಗೆ ಅಳು ಬರಲಿಲ್ಲ. ಬರಬೇಕಾದದ್ದು ಎಂದು ಗೊತ್ತಿತ್ತು, ಕಾದೆ, ಬರಲಿಲ್ಲ.

ಅವರು ಮತ್ತೆ ಪೆಟ್ಟಿಗೆಗೆ ಬೀಗ ಹಾಕುತ್ತಾರೆ ಎಂದುಕೊಂಡೆ. ಮುಖ ಒರೆಸಿಕೊಂಡು, ಹಿಡಿಯನ್ನು ಬಟ್ಟೆಯ ಮೇಲೆ ಇಟ್ಟು, ಎದ್ದು ತಡವರಿಸಿಕೊಂಡು ಬಂದು ನನ್ನ ಎಡಗಡೆ ಕೂತರು.

"ಇನ್ನೊಂದು ಬಿಲ್ಲೆ ತಗೋ. ಕೊಯ್ಯೋದು ನೀನು. ಒತ್ತೋದು ನಾನು."

ಬಿಲ್ಲೆ ಇಟ್ಟೆ. ಗರಗಸ ಹಾಕಿದೆ. ಈ ಸಲ ಅರಚಲಿಲ್ಲ. ಕಿವಿ ಬಂತು, ಕತ್ತು ಬಂತು, ಬೆನ್ನು ಬಂತು. ಆಮೇಲೆ ಆರು ವರ್ಷ, ಅಪ್ಪ ಬದುಕಿರುವವರೆಗೆ, ನಾವು ಹಾಗೇ ಕೂತು ಕೆಲಸ ಮಾಡಿದೆವು. ಆ ದಿನ ಕುರಿಮರಿಯ ಕಾಲಿನ ತಿರುವಿಗೆ ಬಂದಾಗ ಒಮ್ಮೆ ಎಡಗೈ ಕಡೆ ನೋಡಿದೆ. ಚಿಕ್ಕಂದಿನಲ್ಲಿ ಕಲಿಸುವಾಗ ಇಡುತ್ತಿದ್ದಂತೆಯೇ ಅಪ್ಪ ತಮ್ಮ ಎರಡು ಬೆರಳನ್ನು ನನ್ನ ಎರಡು ಬೆರಳ ಮೇಲಿಟ್ಟು ಒತ್ತುತ್ತಿದ್ದರು. ಎಷ್ಟು ಹೊತ್ತಿನಿಂದ ಇಟ್ಟಿದ್ದರೋ, ನೋಡಿದ ಮೇಲೆಯೇ ನನಗೆ ಗೊತ್ತಾದದ್ದು.